ಸ್ಟೋರಿವೀವರ್‌ನ ಕನ್ನಡ ಕಥೆಗಳು: ನಲಿ-ಕಲಿ ಕೋಣೆಯಲ್ಲಿ ಎಷ್ಟು ಉಪಯುಕ್ತ?

ಆಲಿಸುವುದು ಮತ್ತು ಮಾತನಾಡುವುದು ಎಂಬ ಎರಡು ಕೌಶಲಗಳು ನಮ್ಮ ಪಾಠಯೋಜನೆಯಲ್ಲಿ ಮೊದಲ ಸಾಲಿನಲ್ಲಿರುತ್ತವೆ. ನಿತ್ಯದ ವೇಳಾಪಟ್ಟಿಯಲ್ಲಿ ಮಾತ್ರ ಕಾಗುಣಿತ, ಉಕ್ತಲೇಖನಗಳೆಲ್ಲ ಮುಗಿದ ಮೇಲೆ ಸಮಯ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಕೊರತೆಯನ್ನು ತುಂಬಲು ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಎಂಬ ಉಚಿತ ಕಥಾಭಂಡಾರವು ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದನ್ನು, ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕುಳಿತುಕೊಳ್ಳುವ ನಲಿ-ಕಲಿ ಕೋಣೆಯಲ್ಲಿ ಅದನ್ನು ಬಳಸುತ್ತಿರುವ ಶಿಕ್ಷಕಿಯಾಗಿ ಇಲ್ಲಿ ಬರೆಯುತ್ತಿದ್ದೇನೆ.

ಇಲ್ಲಿನ ಕಥೆಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಲಾಗಿದೆ. ಮೊದಲ ಹಂತದವು ಸುಮಾರು 250 ಪದಗಳೊಳಗೆ, ಎರಡನೆಯವು 600 ಪದಗಳೊಳಗೆ ಮುಗಿಯುತ್ತವೆ. ನಮಗೆ ಇವೆರಡೇ ಸಾಕು. ಇವುಗಳ ಜೊತೆಗೆ ಧ್ವನಿಸಹಿತವಾದ ರೀಡ್-ಅಲಾಂಗ್ ಕಥೆಗಳೂ ಇವೆ. ಧ್ವನಿ ಓದುತ್ತಾ ಹೋದಂತೆ ಪರದೆಯ ಮೇಲಿನ ಪದಗಳು ಒಂದೊಂದಾಗಿ ಬಣ್ಣ ಪಡೆಯುತ್ತವೆ. ಓದು ಕಲಿಯುವ ಮಗುವಿಗೆ ಇದು ಬಹಳ ಒಳ್ಳೆಯ ಏರ್ಪಾಡು. ಆದರೆ ಆಲಿಸುವಿಕೆಯ ದೃಷ್ಟಿಯಿಂದ ನೋಡಿದರೆ ಇದೇ ಒಂದು ತೊಡಕು: ಬಣ್ಣ ಹರಿಯುವ ಕಡೆಗೆ ಕಣ್ಣು ನೆಟ್ಟ ಮಗುವಿನ ಕಿವಿ ಕಥೆಯಿಂದ ಜಾರುತ್ತದೆ. ಆದ್ದರಿಂದ ಮೊದಲ ಸಲ ಪರದೆಯನ್ನು ನನ್ನ ಕಡೆಗೆ ತಿರುಗಿಸಿಕೊಂಡು ಧ್ವನಿಯನ್ನಷ್ಟೇ ಕೇಳಿಸುತ್ತೇನೆ, ಕಥೆಯಲ್ಲಿ ಯಾರು ಯಾರು ಬಂದರು, ಮೊದಲು ಏನಾಯಿತು ಎಂದು ವಿಚಾರಿಸಿದ ಮೇಲೆಯೇ ಚಿತ್ರ ತೋರಿಸುತ್ತೇನೆ. ಫೋನಿನ ಸದ್ದು ಇಡೀ ಕೋಣೆಗೆ ಸಾಲದು. ಸಣ್ಣದೊಂದು ಸ್ಪೀಕರ್ ಬೇಕೇ ಬೇಕು.

ಮಾತಿನ ವಿಷಯಕ್ಕೆ ಬಂದರೆ, ಧ್ವನಿಯುಳ್ಳ ಕಥೆಗಳಿಗಿಂತ ಪದಗಳೇ ಇಲ್ಲದ ಚಿತ್ರಕಥೆಗಳು ಹೆಚ್ಚು ಫಲ ಕೊಡುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಚಿತ್ರ ತೋರಿಸಿ 'ಇದೇನು?' ಎಂದು ಕೇಳಿದರೆ 'ಎಮ್ಮಿ', 'ಗಿಡ' ಎಂಬ ಒಂದೇ ಪದದ ಉತ್ತರ ಬರುತ್ತದೆ. 'ಇವಳು ಯಾಕೆ ಹೀಗೆ ನಿಂತಿದ್ದಾಳೆ?' ಎಂದು ಕೇಳಿ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಆ ಮೌನವನ್ನು ನಾವೇ ಮುರಿಯಬಾರದು. ಸಂತೆಯ ಚಿತ್ರವೊಂದನ್ನು ಮುಂದಿಟ್ಟು ಹೀಗೆ ಕಾದಾಗ, ಹಾಜರಿ ಕೂಗಿದರೂ ತಲೆಯಾಡಿಸಿ ಸುಮ್ಮನಾಗುವ ಒಂದನೆಯ ತರಗತಿಯ ಹುಡುಗಿ ಎದ್ದುನಿಂತು, "ಅವ್ವ ಬದನೀಕಾಯಿ ತೂಗಸಾಕತ್ತಾಳ್ರಿ, ಈಕಿ ಅತ್ಲಾಗ ಬಳಿ ಅಂಗಡಿ ನೋಡಾಕತ್ತಾಳ" ಎಂದಳು. ಕಾರಣವನ್ನೂ ಎದುರುಬದುರಾದ ಎರಡು ಕ್ರಿಯೆಗಳನ್ನೂ ಹಿಡಿದಿಟ್ಟ ಆ ವಾಕ್ಯವನ್ನು ತಿದ್ದಿ ಗ್ರಾಂಥಿಕ ಕನ್ನಡಕ್ಕೆ ತರುವ ಅಗತ್ಯ ನನಗೆ ಕಾಣಲಿಲ್ಲ.

ಕಥೆಗಳ ಭಾಷೆಯ ಬಗ್ಗೆ ಒಂದು ಆಕ್ಷೇಪವಿದೆ. ಬಹುಪಾಲು ಕಥೆಗಳು ಅಚ್ಚುಕಟ್ಟಾದ ಪುಸ್ತಕದ ಕನ್ನಡದಲ್ಲಿವೆ. ಕಲಬುರಗಿಯ ಅಥವಾ ಧಾರವಾಡದ ಹಳ್ಳಿಯ ಮಗುವಿಗೆ ಅದು ಮನೆಮಾತಲ್ಲ, ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗುವಿಗಂತೂ ಇನ್ನೂ ದೂರ. ಯಾರು ಬೇಕಾದರೂ ಅನುವಾದಿಸಬಹುದಾದ ವೇದಿಕೆಯಾದ್ದರಿಂದ ಕೆಲವು ಕಥೆಗಳಲ್ಲಿ ವಾಕ್ಯ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ತರಗತಿಗೆ ಒಯ್ಯುವ ಮುನ್ನ ಒಮ್ಮೆ ಗಟ್ಟಿಯಾಗಿ ಓದಿ ನೋಡುವುದು ಕ್ಷೇಮ. ಓದುವ ಪುಸ್ತಕಗಳಿಗೆ ಹೋಲಿಸಿದರೆ ಕನ್ನಡದಲ್ಲಿ ಕೇಳಿಸುವ ಕಥೆಗಳು ಕಡಿಮೆ ಎಂಬುದೂ ನಿಜ. ಆದರೆ ಪ್ರಥಮ್ ಬುಕ್ಸ್ ಇಲ್ಲಿ ಹಾಕಿರುವ ಕಥೆಗಳು ಕ್ರಿಯೇಟಿವ್ ಕಾಮನ್ಸ್ ಮುಕ್ತ ಪರವಾನಗಿಯಲ್ಲಿರುವುದರಿಂದ, ಮೂಲ ಕರ್ತೃಗಳ ಹೆಸರು ಉಳಿಸಿ, ಕಥೆಯನ್ನು ನಮ್ಮ ಊರಿನ ಮಾತಿಗೆ ಒಗ್ಗಿಸಿಕೊಳ್ಳುವ, ಮುದ್ರಿಸಿ ಹಂಚುವ ಸ್ವಾತಂತ್ರ್ಯ ನಮಗಿದೆ. ಬೆಲೆ ಕೊಟ್ಟು ಕೊಂಡ ಎಷ್ಟೋ ಕಲಿಕಾ ಆ್ಯಪ್‌ಗಳಲ್ಲಿ ಇಂಥ ಸ್ವಾತಂತ್ರ್ಯವಿರುವುದಿಲ್ಲ.

ಇದನ್ನು ಹಾಕಿಟ್ಟು, ಹಾಜರಿ ಪುಸ್ತಕವನ್ನೋ ಬಿಸಿಯೂಟದ ಲೆಕ್ಕವನ್ನೋ ಬರೆಯಲು ಕುಳಿತುಕೊಳ್ಳುವ ಉದ್ದೇಶವಿದ್ದರೆ ಸ್ಟೋರಿವೀವರ್‌ನಿಂದ ಹೆಚ್ಚಿನ ಪ್ರಯೋಜನವಾಗದು. ಮಕ್ಕಳು ಸದ್ದಿಲ್ಲದೆ ಕೂರುತ್ತಾರೆ, ಅಷ್ಟೇ. ಕಥೆಯನ್ನು ಎಲ್ಲಿ ನಿಲ್ಲಿಸಬೇಕು, ಅಲ್ಲಿ ಏನು ಕೇಳಬೇಕು, ಯಾರಿಂದ ಮರಳಿ ಹೇಳಿಸಬೇಕು ಎಂಬುದನ್ನು ಹಿಂದಿನ ದಿನವೇ ಗುರುತು ಹಾಕಿಕೊಳ್ಳುವ ಶಿಕ್ಷಕರಿಗೆ ನಾನು ಇದನ್ನು ಯಾವ ಸಂಕೋಚವೂ ಇಲ್ಲದೆ ಶಿಫಾರಸು ಮಾಡುತ್ತೇನೆ. ಶಾಲೆಯಲ್ಲಿ ನೆಟ್‌ವರ್ಕ್ ನಂಬುವಂತಿಲ್ಲದಿದ್ದರೆ, ಚಿತ್ರಕಥೆಗಳನ್ನು ಮನೆಯಲ್ಲಿಯೇ ಇಳಿಸಿಕೊಂಡು ತರುವುದು ಒಳ್ಳೆಯದು.