ವಾಷಿಂಗ್ಟನ್, ಲಿಂಕನ್, ಡಗ್ಲಸ್, ಟಬ್‌ಮನ್: ಮಕ್ಕಳಿಗೆ ಮೊದಲು ಯಾರ ಕಥೆ?

ವಾಷಿಂಗ್ಟನ್ ಡಿ.ಸಿ. ಸುತ್ತಮುತ್ತ ಮಕ್ಕಳಿಗೆ ಅಮೆರಿಕದ ಇತಿಹಾಸ ತೋರಿಸಲು ಜಾಗಗಳಿಗೇನೂ ಬರವಿಲ್ಲ. ಆದರೆ ದೊಡ್ಡವರಿಗೆ ಹಿಡಿಸಿದ್ದೆಲ್ಲ ಮಕ್ಕಳಿಗೆ ಹಿಡಿಸಬೇಕಲ್ಲ! 8 ವರ್ಷದ ಮಗಳು, ರಜೆಗೆ ಊರಿಂದ ಬಂದಿದ್ದ 11 ವರ್ಷದ ಅಣ್ಣನ ಮಗ, ಇಬ್ಬರನ್ನೂ ಕರೆದುಕೊಂಡು ನಾಲ್ಕು ಜನರ ಜಾಗಗಳನ್ನು ನೋಡಿ ಬಂದೆ: ಅಧ್ಯಕ್ಷರಾಗಿದ್ದ ವಾಷಿಂಗ್ಟನ್, ಲಿಂಕನ್; ಗುಲಾಮಗಿರಿಯಿಂದ ಪಾರಾಗಿ ಅದರ ವಿರುದ್ಧ ಹೋರಾಡಿದ ಡಗ್ಲಸ್, ಟಬ್‌ಮನ್.

ಎಲ್ಲರೂ ಮೊದಲು ಹೇಳುವುದು ಜಾರ್ಜ್ ವಾಷಿಂಗ್ಟನ್ ಅವರ ಮೌಂಟ್ ವರ್ನನ್. ಪೊಟೋಮ್ಯಾಕ್ ನದಿ ದಡದ ದೊಡ್ಡ ಮನೆ, ತೋಟ, ಕುರಿಗಳು. ಮನೆಯೊಳಗೆ ಸಾಲಿನಲ್ಲಿ ನಡೆಯಬೇಕು, ಕೋಣೆಗಳು ಒಂದರ ಹಿಂದೆ ಒಂದು ಸರಿದುಹೋಗುತ್ತವೆ. ಫ್ರಾನ್ಸಿನ ಬಾಸ್ಟೀಲ್ ಜೈಲಿನ ಬೀಗದ ಕೈ ಅಲ್ಲೇ ನೇತಾಡುತ್ತದೆ, ಮಕ್ಕಳು ಅದರ ಕಡೆ ತಲೆಯೆತ್ತಿಯೂ ನೋಡಲಿಲ್ಲ. ಅವರು ನಿಂತು ನೋಡಿದ್ದು ಮ್ಯೂಸಿಯಂನಲ್ಲಿರುವ ವಾಷಿಂಗ್ಟನ್ ಅವರ ಹಲ್ಲು ಸೆಟ್. ಅದು ಮರದ್ದು ಎಂದು ಜನ ಹೇಳುವುದು ಸುಳ್ಳು. ಚಿಕ್ಕವರಿದ್ದಾಗ ಚೆರಿ ಮರ ಕಡಿದು, ಅಪ್ಪನ ಮುಂದೆ ನಿಜ ಒಪ್ಪಿಕೊಂಡರು ಎಂಬ ಕಥೆಯೂ ಅಷ್ಟೇ, ಅವರು ತೀರಿಕೊಂಡ ಮೇಲೆ ವೀಮ್ಸ್ ಎಂಬ ಪಾದ್ರಿ ಕಟ್ಟಿದ್ದು.

ನಿಜವಾದ ಕಷ್ಟ ಬೇರೆ. 1799ರಲ್ಲಿ ಆ ಎಸ್ಟೇಟಿನಲ್ಲಿ 317 ಜನ ಗುಲಾಮರಿದ್ದರು. ಅದಕ್ಕೂ ಮೂರು ವರ್ಷ ಮುಂಚೆ, ಓನಾ ಜಡ್ಜ್ ಎಂಬ ಗುಲಾಮ ಯುವತಿ ಆಗಿನ ರಾಜಧಾನಿ ಫಿಲಡೆಲ್ಫಿಯಾದಲ್ಲಿದ್ದ ಅಧ್ಯಕ್ಷ ವಾಷಿಂಗ್ಟನ್ ಅವರ ಮನೆಯಿಂದ, ಅವರು ಊಟಕ್ಕೆ ಕೂತಿದ್ದಾಗಲೇ ತಪ್ಪಿಸಿಕೊಂಡು ಹೋದಳು. ವಾಷಿಂಗ್ಟನ್ ಹುಡುಕಿಸಿದರು, ಅವಳು ವಾಪಸ್ ಬರಲಿಲ್ಲ. "ಅತ್ತೆ, ಒಳ್ಳೆಯವರು ಅಂದ್ರಲ್ಲ, ಮತ್ತೆ ಯಾಕೆ ಹುಡುಕಿಸಿದ್ರು?" ಅಂದ ಹುಡುಗ. ಒಳ್ಳೆಯ ಪ್ರಶ್ನೆ. ನನ್ನ ಪಾಲಿನ ಗುಲಾಮರನ್ನು ಬಿಡುಗಡೆ ಮಾಡಿ ಎಂದು ಅವರು ಉಯಿಲು ಬರೆದಿಟ್ಟಿದ್ದನ್ನೂ ಹೇಳಿದೆ. ಅವನು ಒಪ್ಪಲಿಲ್ಲ. 8ರ ಮಗುವಿಗೆ ಇದೆಲ್ಲ ಜಾಸ್ತಿಯೇ ಆಯಿತು.

ಲಿಂಕನ್‌ಗಾಗಿ ಫೋರ್ಡ್ಸ್ ಥಿಯೇಟರ್. 1865ರ ಏಪ್ರಿಲ್ 14ರ ರಾತ್ರಿ ಗುಂಡು ಬಿದ್ದ ಜಾಗ. ಎದುರಿನ ಮನೆಯಲ್ಲಿ ಮರುದಿನ ಬೆಳಗ್ಗೆ ಪ್ರಾಣ ಹೋಯಿತು. ಅಷ್ಟು ದೊಡ್ಡ ಬದುಕು ಇಲ್ಲಿ ಸಾವಿನ ಸುತ್ತಲೇ ತಿರುಗುತ್ತದೆ. ಹುಡುಗನಿಗೆ ಆ ಪುಟ್ಟ ಪಿಸ್ತೂಲು ಬಿಟ್ಟರೆ ಬೇರೇನೂ ಕಾಣಲಿಲ್ಲ, ಮಗಳು ರಾತ್ರಿ ನನ್ನ ಪಕ್ಕದಲ್ಲೇ ಮಲಗಿದಳು. ನನ್ನನ್ನು ಕೇಳಿದರೆ, ಮನೆಯಲ್ಲೇ ಗ್ರೇಸ್ ಬೆಡೆಲ್ ಕಥೆ ಹೇಳಿ. 1860ರಲ್ಲಿ 11 ವರ್ಷದ ಈ ಹುಡುಗಿ, ನಿಮ್ಮ ಮುಖ ತುಂಬಾ ಸಣ್ಣಗಿದೆ, ಗಡ್ಡ ಬಿಡಿ ಎಂದು ಲಿಂಕನ್‌ಗೇ ಕಾಗದ ಬರೆದಳು. ಅವರು ಉತ್ತರ ಬರೆದರು, ಗಡ್ಡವನ್ನೂ ಬಿಟ್ಟರು. ಥಿಯೇಟರ್‌ಗೆ ಹತ್ತು ತುಂಬಿದ ಮೇಲೆ ಹೋದರೆ ಸಾಕು.

ನನ್ನ ಓಟು ಫ್ರೆಡರಿಕ್ ಡಗ್ಲಸ್‌ಗೆ. ಡಿ.ಸಿ.ಯ ಅನಕಾಸ್ಟಿಯಾದ ಗುಡ್ಡದ ಮೇಲಿರುವ ಅವರ ಮನೆಯ ಹೆಸರು ಸೀಡರ್ ಹಿಲ್. ಒಳಗೆ ಹೋಗಬೇಕಾದರೆ ರೇಂಜರ್ ಜೊತೆಗೇ ಹೋಗಬೇಕು, ಮೊದಲೇ ಬುಕ್ ಮಾಡಿಕೊಳ್ಳಿ. ಪಿಟೀಲು, ಪುಸ್ತಕಗಳು, ಮಲಗುವ ಕೋಣೆಯಲ್ಲಿ ಡಂಬೆಲ್ಸ್! ಹಿತ್ತಲಲ್ಲಿ ಒಬ್ಬರೇ ಕೂತು ಓದಲು ಬರೆಯಲು ಒಂದು ಕಲ್ಲಿನ ಗೂಡು.

ಆದರೆ ಮಕ್ಕಳನ್ನು ಹಿಡಿದು ನಿಲ್ಲಿಸಿದ್ದು ಮನೆಯಲ್ಲ, ಅವರ ಬಾಲ್ಯ. ಸುಮಾರು 8ನೇ ವಯಸ್ಸಿಗೆ ಅವರನ್ನು ಬಾಲ್ಟಿಮೋರ್‌ನ ಮನೆಯೊಂದಕ್ಕೆ ಕಳಿಸಿದರು. ಯಜಮಾನಿ ಎಬಿಸಿ ಹೇಳಿಕೊಡಲು ಶುರು ಮಾಡಿದಳು. ಗಂಡ ನಿಲ್ಲಿಸಿದ: ಓದು ಬಂದರೆ ಗುಲಾಮ ಕೈಗೆ ಸಿಗುವುದಿಲ್ಲ ಎಂಬ ಹೆದರಿಕೆ. ಓದು ಎಂದರೆ ಬಿಡುಗಡೆಯ ದಾರಿ ಎಂದು ಪುಟ್ಟ ಡಗ್ಲಸ್‌ಗೆ ಅವತ್ತೇ ಗೊತ್ತಾಯಿತು. ಬೀದಿಯ ಬಡ ಬಿಳಿ ಹುಡುಗರಿಗೆ ಬ್ರೆಡ್ ಕೊಟ್ಟು ಪಾಠ ಹೇಳಿಸಿಕೊಂಡ. ಹಡಗು ಕಟ್ಟುವ ಕಡೆ ಮರದ ತುಂಡುಗಳ ಮೇಲೆ ಬಡಗಿಗಳು ಹಾಕುತ್ತಿದ್ದ ಅಕ್ಷರ ನೋಡಿ ಬರೆಯಲು ಕಲಿತ. 1838ರಲ್ಲಿ ನಾವಿಕನ ವೇಷ ಹಾಕಿ, ಬೇರೆಯವರ ಕಾಗದಪತ್ರ ಇಟ್ಟುಕೊಂಡು, ರೈಲು ಹತ್ತಿ ಪಾರಾದ. ಹುಟ್ಟಿದ ದಿನ ಮಾತ್ರ ಕೊನೆವರೆಗೂ ಗೊತ್ತಾಗಲಿಲ್ಲ. "ಹಾಗಾದ್ರೆ ಬರ್ತ್‌ಡೇ ಕೇಕ್?" ಅಂದಳು ಮಗಳು. ಫೆಬ್ರವರಿ 14 ಎಂದು ತಾವೇ ಇಟ್ಟುಕೊಂಡರು ಅಂದೆ. ಗುಲಾಮಗಿರಿ ಎಂದರೇನು ಎಂದು ನಾನು ಬೇರೆ ಹೇಳಬೇಕಾಗಲೇ ಇಲ್ಲ.

ಹ್ಯಾರಿಯೆಟ್ ಟಬ್‌ಮನ್ ಅವರ ಕೇಂದ್ರ ಮೇರಿಲ್ಯಾಂಡ್‌ನ ಪೂರ್ವ ತೀರದಲ್ಲಿದೆ. ಡಿ.ಸಿ.ಯಿಂದ ಸುಮಾರು ಎರಡು ಗಂಟೆ ದಾರಿ, ಟಿಕೆಟ್ ಇಲ್ಲ. 1849ರಲ್ಲಿ ತಾವು ಗುಲಾಮಗಿರಿಯಿಂದ ತಪ್ಪಿಸಿಕೊಂಡ ಮೇಲೂ ಮತ್ತೆ ಮತ್ತೆ ವಾಪಸ್ ಬಂದು ಸುಮಾರು 70 ಗುಲಾಮರನ್ನು ಬಿಡುಗಡೆಯ ಕಡೆ ದಾಟಿಸಿದವರು. ಸಾಹಸ ಬೇಕೆನ್ನುವ ಮಗುವಿಗೆ ಇವರಿಗಿಂತ ಬೇರೆ ಯಾರೂ ಬೇಡ. ಒಳಗಿನ ಪ್ರದರ್ಶನ ಚಿಕ್ಕದು, ಹೊರಗಿನ ಜೌಗು ನೆಲ, ಕಾಡು ನೋಡಿದ ಮೇಲೆಯೇ ರಾತ್ರಿ ಇಲ್ಲಿ ನಡೆಯುವುದು ಏನೆಂದು ತಿಳಿಯುವುದು. ನಾವು ಜುಲೈನಲ್ಲಿ ಹೋಗಿ ಸೊಳ್ಳೆಗಳಿಗೆ ಊಟವಾದೆವು. ಟಬ್‌ಮನ್ ಹೆಚ್ಚಾಗಿ ಚಳಿಗಾಲದಲ್ಲೇ ಓಡಾಡುತ್ತಿದ್ದರು, ಆಗ ರಾತ್ರಿ ಉದ್ದ. ನೀವೂ ಚಳಿಗಾಲದಲ್ಲೇ ಹೋಗಿ.