ಕಾಗದದ ತೋಟಾ: ಕಾಗದ ಬಿಸಾಡುವುದೋ, ಗುಂಡಿನ ಜೊತೆಗೇ ಹೊಡೆಯುವುದೋ?

ಕೇಪು (ಬಡಿದರೆ ಕಿಡಿ ಹೊಮ್ಮುವ ಪುಟ್ಟ ಲೋಹದ ಟೊಪ್ಪಿ) ಇಟ್ಟು ಹೊಡೆಯುವ ರೈಫಲ್‌ಗೆ ನಳಿಗೆಯ ಬಾಯಿಂದ ಮದ್ದು ತುಂಬಲು ಮುಖ್ಯವಾಗಿ ಮೂರು ದಾರಿಗಳಿವೆ. ಅಳೆದ ಮದ್ದನ್ನು ಸಣ್ಣ ಕೊಳವೆಯಲ್ಲಿಟ್ಟುಕೊಂಡು ಗುಂಡನ್ನು ಬೇರೆಯಾಗಿ ಹಾಕುವುದು ಒಂದು. ಅಮೆರಿಕದ ಅಂತರ್ಯುದ್ಧದ ಕಾಲದ ತೋಟಾ (ಮದ್ದೂ ಗುಂಡೂ ಒಟ್ಟಿಗಿರುವ ಕಾಗದದ ಪೊಟ್ಟಣ) ಇನ್ನೊಂದು: ಮದ್ದು ಸುರಿದು, ಗುಂಡನ್ನು ಬಿಡಿಸಿಕೊಂಡು, ಕಾಗದ ಬಿಸಾಡಬೇಕು. ಮೂರನೆಯದು ಬ್ರಿಟಿಷರ ಎನ್‌ಫೀಲ್ಡ್ ರೈಫಲ್‌ನ ತೋಟಾ. ಇದರಲ್ಲಿ ಗುಂಡಿಗೆ ಸುತ್ತಿದ ಕಾಗದವೂ ನಳಿಗೆಯೊಳಗೆ ಹೋಗುತ್ತದೆ. 1853ರ ಮಾದರಿಯ ಎನ್‌ಫೀಲ್ಡ್‌ನಲ್ಲೇ ಮೂರನ್ನೂ ಹೊಡೆದು ನೋಡಿದ ಹೋಲಿಕೆ ಇದು. ನಳಿಗೆಯ ಉದ್ದ 39 ಇಂಚು, ಒಳವ್ಯಾಸ 0.577 ಇಂಚು, ಒಳಗೆ ಗುಂಡನ್ನು ಗಿರಕಿ ಹೊಡೆಸುವ ಮೂರು ಸುರುಳಿ ಗೀರುಗಳು, 78 ಇಂಚಿಗೆ ಒಂದು ಸುತ್ತು.

ಮೂರಕ್ಕೂ ಬೇಕಾದದ್ದು ಕರಿಮದ್ದು ಮಾತ್ರ. ಹೊಗೆರಹಿತ ಮದ್ದು ಒಂದು ಚಿಟಿಕೆ ಬೆರೆತರೂ ನಳಿಗೆ ಸಿಡಿಯಬಹುದು. ಗುಂಡು ಅಚ್ಚ ಮೆದು ಸೀಸದ್ದೇ ಆಗಬೇಕು. ಗುಂಡಿನ ಹಿಂಭಾಗದ ಟೊಳ್ಳು ಅನಿಲದ ಒತ್ತಡಕ್ಕೆ ಅರಳಿ ಗೀರು ಹಿಡಿಯುವುದರ ಮೇಲೆಯೇ ಎಲ್ಲ ನಿಂತಿದೆ. ವಾಹನದ ಚಕ್ರದ ಸಮತೋಲಕ್ಕೆ ಹಾಕುವ ಹಳೆ ತೂಕಗಳ ಸೀಸ ಗಡಸು, ಅರಳುವುದಿಲ್ಲ. ಗುಂಡು ಗಿರಕಿ ಹೊಡೆಯದೆ ಹೋಗಿ ಗುರಿಹಲಗೆಯಲ್ಲಿ ಅಡ್ಡಡ್ಡ ತೂತು ಬೀಳುತ್ತದೆ.

ಬಿಡಿ ಮದ್ದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗುರಿಯ ನಿಖರತೆಗೆ ಇದು ಸಾಕು, ಮದ್ದಿನ ಪ್ರಮಾಣ ಬದಲಿಸಿ ನೋಡಲಂತೂ ಇದೇ ಸುಲಭ. ಎಚ್ಚರ ಬೇಕಾದದ್ದು ಒಂದೇ: ದೊಡ್ಡ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಬಾರದು. ಹಿಂದಿನ ಹೊಡೆತದ ಕೆಂಡ ಒಳಗೆ ಉಳಿದಿದ್ದರೆ ಕೈಯಲ್ಲಿರುವ ಡಬ್ಬಿಯೇ ಸ್ಫೋಟಿಸುತ್ತದೆ. ಕೊಳವೆಗಾಗಲಿ ತೋಟಾಕ್ಕಾಗಲಿ ಈ ಅಪಾಯ ಒಂದೇ ಹೊಡೆತದ ಮದ್ದಿಗೆ ಸೀಮಿತ.

ಅಮೆರಿಕದ ಬಗೆಯನ್ನು ಕಟ್ಟುವುದು ಸಲೀಸು. ಮರದ ಕಡ್ಡಿಗೆ ಕಾಗದ ಸುತ್ತಿ, ಅಂಟಿಸಿ, ಗುಂಡಿಟ್ಟು ದಾರ ಕಟ್ಟಿ, 60 ಗ್ರೇನ್ (3.9 ಗ್ರಾಂ) ಮದ್ದು ಸುರಿದು ಬಾಲ ಮಡಚಿದರೆ ಮುಗಿಯಿತು. ಇಲ್ಲಿ ಕಾಗದ ಬರೀ ಪೊಟ್ಟಣ, ಯಾವುದಾದರೂ ನಡೆಯುತ್ತದೆ. ಗುಂಡು ಸುಮಾರು 500 ಗ್ರೇನ್‌ನದು, ಮೈಸುತ್ತ ಮೂರು ಕಂಠ (ತೋಡು), ಅವುಗಳಲ್ಲಿ ಮೇಣ. ತೊಡಕು ಬರುವುದು ಹೊಡೆಯುವಾಗ. ಗುರಿ ಸರಿಯಿರಬೇಕಾದರೆ ಗುಂಡು ನಳಿಗೆಗಿಂತ ಇಂಚಿನ ಸಾವಿರದ ಒಂದೆರಡು ಪಾಲಷ್ಟೇ ಸಣ್ಣದಿರಬೇಕು. ಕರಿಮದ್ದು ಸುಟ್ಟಾಗ ಅದರ ತೂಕದ ಅರ್ಧಕ್ಕೂ ಹೆಚ್ಚು ಭಾಗ ಘನವಾಗಿಯೇ ಉಳಿಯುತ್ತದೆ. ಒಂದಿಷ್ಟು ಹೊಗೆಯಾಗಿ ಹೋದರೂ ಮಿಕ್ಕದ್ದು ನಳಿಗೆಗೆ ಕಿಟ್ಟವಾಗಿ ಅಂಟುತ್ತದೆ. ಒಣ ಹವೆಯಲ್ಲಿ ಕಿಟ್ಟ ಗಟ್ಟಿಯಾಗಿ, ಮೊದಲು ತಾನೇ ಜಾರುತ್ತಿದ್ದ ಗುಂಡಿಗೆ ಕೆಲವೇ ಹೊಡೆತಗಳಲ್ಲಿ ಗಜ (ಗುಂಡು ತಳ್ಳುವ ಸಲಾಕೆ) ಜಡಿಯಬೇಕಾಗುತ್ತದೆ. ಜಡಿದರೆ ಸೀಸದ ಮೂತಿ ಚಪ್ಪಟೆ. ಅರ್ಧದಲ್ಲಿ ಸಿಕ್ಕಿಕೊಂಡರೆ ಇನ್ನೂ ಕೆಟ್ಟದ್ದು: ಮದ್ದಿಗೂ ಗುಂಡಿಗೂ ನಡುವೆ ಜಾಗ ಬಿಟ್ಟು ಹೊಡೆದರೆ ನಳಿಗೆ ಅಲ್ಲೇ ಉಬ್ಬಬಹುದು, ಒಡೆಯಲೂಬಹುದು. ಗಜದ ಮೇಲೆ ಗುಂಡು ಪೂರ್ತಿ ಕೂತಾಗಿನ ಗುರುತು ಹಾಕಿಕೊಳ್ಳಿ, ಪ್ರತಿ ಸಲ ನೋಡಿ. ಬೆರಳಿಗೆಲ್ಲ ಮೇಣ ಮೆತ್ತುವುದು ಬೇರೆ, ಆ ಬೆರಳಲ್ಲೇ ಕೇಪು ಹಿಡಿಯಬೇಕು.

ಎನ್‌ಫೀಲ್ಡ್ ತೋಟಾ ಈ ತೊಡಕನ್ನು ಬೇರುಸಹಿತ ಬಗೆಹರಿಸುತ್ತದೆ. ಗುಂಡಿನ ಮೈ ನುಣುಪು, ಕಂಠವಿಲ್ಲ. ಮೊದಲಿನ 0.568 ಇಂಚಿನ ಗುಂಡನ್ನು ಆಮೇಲೆ ಬ್ರಿಟಿಷರೇ 0.550ಕ್ಕೆ ಇಳಿಸಿದರು, ಅಂದರೆ ಹೆಚ್ಚುಕಡಿಮೆ 13.97 ಮಿ.ಮೀ. ತೂಕ 530 ಗ್ರೇನ್, ಮದ್ದು ಎರಡೂವರೆ ಡ್ರಾಮ್, ಅಂದರೆ 68 ಗ್ರೇನ್ (4.4 ಗ್ರಾಂ). ಗುಂಡಿಗೂ ನಳಿಗೆಗೂ ನಡುವಿನ ಸಂದನ್ನು ಕಾಗದವೂ ಮೇಣವೂ ತುಂಬುತ್ತವೆ. ಹಾಗಾಗಿ ಇಲ್ಲಿ ಕಾಗದದ ದಪ್ಪವೇ ಲೆಕ್ಕ. 0.07 ಮಿ.ಮೀ. ಕಾಗದ ಎರಡು ಸುತ್ತು ಬಂದರೆ ವ್ಯಾಸಕ್ಕೆ ನಾಲ್ಕು ಪದರ ಸೇರಿ 0.28 ಮಿ.ಮೀ. ಹೆಚ್ಚಿ 14.25 ಆಗುತ್ತದೆ, ನಳಿಗೆ 14.66, ಕಿಟ್ಟಕ್ಕೆ ಜಾಗ ಉಳಿಯಿತು. ಮುದ್ರಣದ ಸಾಮಾನ್ಯ ಹಾಳೆ ಸುಮಾರು 0.1 ಮಿ.ಮೀ. ಇರುತ್ತದೆ. ಅದು ಕೈತಪ್ಪಿ ಮೂರು ಸುತ್ತಾದರೆ 14.57, ಕಿಟ್ಟಕ್ಕೆ ಜಾಗ ಉಳಿಯದೆ ಗುಂಡು ಬಿಗಿಯಾಗುತ್ತದೆ. ಕಾಗದ ಕತ್ತರಿಸುವ ಮೊದಲು ಹತ್ತು ಹಾಳೆ ಒಟ್ಟಿಗೆ ಅಳೆದು ಹತ್ತರಿಂದ ಭಾಗಿಸಿ.

ಕಟ್ಟುವುದು ಹೀಗೆ. ದಪ್ಪ ಕಾಗದದ ಒಳಕೊಳವೆ ಮದ್ದಿಗೆ, ಅದರ ಮೇಲೆ ತೆಳು ಹೊದಿಕೆ, ಇಡೀ ತೋಟಾಕ್ಕೆ ಇನ್ನೊಂದು ಹೊರಹೊದಿಕೆ. ಗುಂಡಿನ ಮೂತಿ ಮದ್ದಿನ ಕಡೆಗೆ, ಬುಡ ಹೊರಗೆ. ಇದನ್ನು ತಲೆಕೆಳಗು ಕಟ್ಟಿ ಕೆಡಿಸಿಕೊಳ್ಳುವವರು ಬಹಳ. ಅಂಟಿಗೆ ಹಿಟ್ಟಿನ ಗಂಜಿ ಸಾಕು. ಪ್ಲಾಸ್ಟಿಕ್ ಟೇಪು ಕರಗಿ ನಳಿಗೆಗೆ ಮೆತ್ತಿಕೊಳ್ಳುತ್ತದೆ. ಕೊನೆಗೆ ಗುಂಡಿರುವ ತುದಿಯನ್ನು ಗುಂಡಿನ ಭುಜದವರೆಗೆ (ಮೂತಿ ಶುರುವಾಗುವಲ್ಲಿಯವರೆಗೆ) ಮಾತ್ರ ಕರಗಿದ ಮೇಣದಲ್ಲಿ ಅದ್ದಿ. ಐದು ಪಾಲು ಜೇನುಮೇಣಕ್ಕೆ ಒಂದು ಪಾಲು ಕೊಬ್ಬು ಬಿಸಿಲಿಗೂ ತಡೆಯುತ್ತದೆ. ಕೊಬ್ಬು ಹೆಚ್ಚಾದರೆ ಪೆಟ್ಟಿಗೆಯಲ್ಲೇ ಇಳಿದು ಮದ್ದು ಒದ್ದೆಯಾಗುತ್ತದೆ. ಮೇಣದ ಪಾತ್ರೆಯನ್ನು ನೀರಿನ ಪಾತ್ರೆಯೊಳಗಿಟ್ಟು ಕಾಯಿಸಿ, ಒಲೆ ಆರಿಸಿ ದೂರ ಒಯ್ದ ಮೇಲೆಯೇ ತೋಟಾ ಹತ್ತಿರ ತನ್ನಿ. ಮದ್ದಿಲ್ಲದೆ ಅದ್ದಿ ಆಮೇಲೆ ತುಂಬುವುದು ಇನ್ನೂ ಒಳ್ಳೆಯದು.

ಈ ಕೊಬ್ಬೇ ಒಂದು ಕಾಲಕ್ಕೆ ಸೈನ್ಯವನ್ನೇ ಹೊತ್ತಿಸಿದ್ದು. ಹಲ್ಲಿನಿಂದ ಕಚ್ಚುವ ಬದಲು ಬೆರಳಿನಿಂದ ಹರಿಯಬಹುದೆಂದು ಕವಾಯತು ಬದಲಾಯಿಸಿದ ಮೇಲೂ 1857ರ ಏಪ್ರಿಲ್ 24ರಂದು ಮೀರತ್‌ನಲ್ಲಿ 85 ಸವಾರರು ತೋಟಾ ಮುಟ್ಟಲಿಲ್ಲ.

ತುಂಬುವಾಗ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಅರ್ಧ ಎತ್ತಿರಲಿ, ಕೇಪು ಬೇಡ. ಬಾಲ ಹರಿದು ಮದ್ದು ಸುರಿಯಿರಿ, ತೋಟಾ ತಿರುಗಿಸಿ ಗುಂಡನ್ನು ಭುಜದವರೆಗೆ ಬಾಯಿಗೆ ಒತ್ತಿ, ಮೇಲುಳಿದ ಖಾಲಿ ಕಾಗದ ಹರಿದು ಎಸೆದು, ಗಜದಿಂದ ಒಂದೇ ಸಮ ತಳ್ಳಿ. ಜಡಿಯುವ ಮಾತೇ ಇಲ್ಲ. ಕೇಪು ಕೊನೆಗೆ. ಅಮೆರಿಕದ ಗುಂಡು ಮೊಂಡು ಹಿಡಿಯುವ ಹಂತ ದಾಟಿದ ಮೇಲೂ ಇದು ಹಾಗೇ ಇಳಿಯುತ್ತದೆ. ಪ್ರತಿ ಗುಂಡಿನ ಮೇಣ ಹಿಂದಿನ ಕಿಟ್ಟವನ್ನು ಮೆದುಗೊಳಿಸಿ ಒರೆಸಿಕೊಂಡು ಹೋಗುತ್ತದೆ. ಹೊಡೆದ ಮೇಲೆ ಮುಂದೆ ನೆಲದಲ್ಲಿ ಕಾಗದದ ಚೂರು ಹುಡುಕಿ. ಚಿಂದಿಯಾಗಿದ್ದರೆ ಸರಿ, ಟೋಪಿಯಂತೆ ಇಡಿಯಾಗಿದ್ದರೆ ಅದು ಗುಂಡಿನ ಜೊತೆ ಹಾರಿ ಗುರಿ ಕೆಡಿಸಿದೆ ಎಂದರ್ಥ. ಗುಂಡಿನ ಭಾಗದ ಹೊರಕಾಗದದಲ್ಲಿ ಮೂರು ಸಣ್ಣ ಸೀಳು ಕೊಟ್ಟರೆ ಬೇಗ ಬಿಡುತ್ತದೆ.

ಕೇಪು ಸಿಡಿದೂ ಮದ್ದು ಹೊತ್ತದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷವಾದರೂ ಕಾಯಿರಿ. ಸಾಮಾನ್ಯ ಕಾರಣ ಕೇಪಿನ ರಂಧ್ರದಲ್ಲಿ ಉಳಿದ ಎಣ್ಣೆ. ಮೊದಲ ತೋಟಾಕ್ಕೆ ಮುಂಚೆ ಖಾಲಿ ನಳಿಗೆಯಲ್ಲಿ ಒಂದೆರಡು ಕೇಪು ಹೊಡೆದರೆ ಅದು ಸುಟ್ಟುಹೋಗುತ್ತದೆ.

ಹತ್ತೇ ಹೊಡೆತ, ನಡುನಡುವೆ ನಳಿಗೆ ಒರೆಸಲು ಬಿಡುವಿದೆ ಎಂದಾದರೆ ಅಮೆರಿಕದ ಬಗೆಯೋ ಕೊಳವೆಯೋ ಸಾಕು. ಎನ್‌ಫೀಲ್ಡ್‌ಗೆ ಅಷ್ಟು ಕತ್ತರಿ, ಗಂಜಿ ಏಕೆ? ಒರೆಸದೆ ಸಾಲಾಗಿ ಹೊಡೆಯುವುದಾದರೆ ಎನ್‌ಫೀಲ್ಡ್ ಬಿಟ್ಟು ಬೇರೆ ಕಟ್ಟುವುದು ವ್ಯರ್ಥ ಶ್ರಮ.

ಹಿಂದಿನಿಂದ ತುಂಬುವ ಶಾರ್ಪ್ಸ್ ರೈಫಲ್ ಈ ಪೈಪೋಟಿಗೆ ಸೇರುವುದಿಲ್ಲ. ಅಲ್ಲಿ ತೋಟಾ ಇಡಿಯಾಗಿ ಒಳಗೆ ಹೋಗಿ ಕಾಗದ ಪೂರ್ತಿ ಉರಿಯಬೇಕು. ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದ ಕಾಗದವನ್ನು ಅದಕ್ಕೆ ಬಳಸುತ್ತಾರೆ. ಎನ್‌ಫೀಲ್ಡ್ ತೋಟಾಕ್ಕೆ ಆ ಕಾಗದ ಹಾಕಬೇಡಿ: ಇಲ್ಲಿ ಕಾಗದ ಗುಂಡಿನ ಜೊತೆ ಹೊರಗೆ ಹೋಗಬೇಕು, ಒಳಗೆ ಉರಿಯುತ್ತ ಕೂತರೆ ಮುಂದಿನ ಮದ್ದು ಸುರಿಯುವ ಕೈಗೇ ಆಪತ್ತು.