ಕರ್ಣಕುಂಡಲದ ಕುಲ ಮತ್ತು ಕ್ಯೂ ಉದ್ಯಾನದ ಜಾಲತಾಣ: ಒಂದು ವಿಮರ್ಶೆ

ಲಂಡನ್ನಿನ ಕ್ಯೂ ಸಸ್ಯೋದ್ಯಾನವು 2017ರಲ್ಲಿ ಆರಂಭಿಸಿದ ‘ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್’ ಎಂಬ ಉಚಿತ ಜಾಲತಾಣವು ಸಸ್ಯಗಳ ಹೆಸರು ಮತ್ತು ನೆಲೆಗಳ ವಿಚಾರದಲ್ಲಿ ಸಸ್ಯಶಾಸ್ತ್ರಜ್ಞರು ಮೊದಲು ತೆರೆದು ನೋಡುವ ಆಕರಗಳಲ್ಲಿ ಒಂದು. ಹೂಗಿಡದ ಕುಲವೊಂದು ಎಲ್ಲೆಲ್ಲಿ ಹರಡಿದೆ, ಅದರ ಹತ್ತಿರದ ಬಂಧುಗಳು ಯಾರು ಎಂಬ ಪ್ರಶ್ನೆಗಳಿಗೆ ಇದನ್ನು ನೆಚ್ಚಿಕೊಂಡು ಎಷ್ಟು ದೂರ ಹೋಗಬಹುದು ಎಂದು ತಿಳಿಯಲು ಕರ್ಣಕುಂಡಲ ಸೇರಿರುವ ಇಂಪೇಷಿಯನ್ಸ್ ಕುಲ ಒಳ್ಳೆಯ ಒರೆಗಲ್ಲು. ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಲವು ಉಷ್ಣವಲಯದ ಆಫ್ರಿಕ, ಮಡಗಾಸ್ಕರ್, ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ, ಪೂರ್ವ ಹಿಮಾಲಯ, ಆಗ್ನೇಯ ಏಷ್ಯಾ ಎಂಬ ಐದು ನೆಲೆಗಳಲ್ಲಿ ಹೆಚ್ಚು ದಟ್ಟವಾಗಿದೆ. ಮಾಗಿದ ಕಾಯಿ ಮುಟ್ಟಿದೊಡನೆ ಸಿಡಿದು ಬೀಜಗಳನ್ನು ಎಸೆಯುತ್ತದೆಯಾದರೂ ಆ ಎಸೆತ ಕೆಲವೇ ಮೀಟರುಗಳಷ್ಟು. ಹೆಚ್ಚಿನ ಪ್ರಭೇದಗಳಿಗೆ ತೇವವಿಲ್ಲದ ನೆಲ ಒಗ್ಗುವುದೂ ಇಲ್ಲ. ಆದ್ದರಿಂದ ಒಂದು ಬೆಟ್ಟಸಾಲಿನ ಪ್ರಭೇದ ಪಕ್ಕದ ಸಾಲಿಗೆ ದಾಟದೆ ಅಲ್ಲಿಯೇ ಉಳಿದುಬಿಡುವುದು ಇಲ್ಲಿ ಸಾಮಾನ್ಯ ಸಂಗತಿ.

ತಾಣದ ನಿಜವಾದ ಬಲವಿರುವುದು ಹೆಸರುಗಳ ನಿರ್ವಹಣೆಯಲ್ಲಿ. 1753ರಲ್ಲಿ ಲಿನೇಯಸ್ ಪ್ರಕಟಿಸಿದ ಈ ಕುಲಕ್ಕೆ ಅಂದಿನಿಂದ ಇಂದಿನವರೆಗೆ ಎಷ್ಟೋ ಹೆಸರುಗಳು ಸೇರಿವೆ, ಹಲವು ಬಿದ್ದುಹೋಗಿವೆ, ಒಂದೇ ಗಿಡಕ್ಕೆ ಎರಡು ಮೂರು ಹೆಸರುಗಳಿರುವುದೂ ಉಂಟು. ಹಳೆಯ ಹೆಸರನ್ನು ಬೆರಳಚ್ಚಿಸಿದರೆ ಸದ್ಯ ಮಾನ್ಯವಾಗಿರುವ ಹೆಸರು, ಅದು ಮೊದಲು ಪ್ರಕಟವಾದ ಗ್ರಂಥ ಮತ್ತು ವರ್ಷ, ಪರ್ಯಾಯ ಹೆಸರುಗಳ ಪಟ್ಟಿ ಎಲ್ಲವೂ ಒಂದೇ ಪುಟದಲ್ಲಿ ದೊರೆಯುತ್ತವೆ. ಈ ಕೆಲಸಕ್ಕೆ ಇದಕ್ಕಿಂತ ಉತ್ತಮವಾದ ಉಚಿತ ಸೇವೆಯನ್ನು ನಾನು ಕಂಡಿಲ್ಲ.

ನಕ್ಷೆಯ ಬಗ್ಗೆ ಅಷ್ಟು ಸರಳವಾಗಿ ಹೇಳಲು ಬರುವುದಿಲ್ಲ. ಮೂಲ ನೆಲೆಗೆ ಹಸಿರು, ಮನುಷ್ಯರ ಮೂಲಕ ಬಂದು ನೆಲೆಸಿದ ಕಡೆಗೆ ನೇರಳೆ ಎಂದು ಬಣ್ಣ ಹಚ್ಚುವ ಕ್ರಮ ಎಷ್ಟು ಮುಖ್ಯವೆಂಬುದು ಇಂಪೇಷಿಯನ್ಸ್ ಗ್ಲಾಂಡ್ಯುಲಿಫೆರಾ ಪ್ರಭೇದವನ್ನು ನೋಡಿದಾಗ ಅರ್ಥವಾಗುತ್ತದೆ. ಹಿಮಾಲಯದ ಈ ಗಿಡವನ್ನು 1839ರಲ್ಲಿ ಅಲಂಕಾರಕ್ಕೆಂದು ಬ್ರಿಟನ್ನಿಗೆ ಒಯ್ಯಲಾಯಿತು; ಈಗ ಅದು ಯುರೋಪಿನ ಹೊಳೆದಂಡೆಗಳನ್ನು ಆಕ್ರಮಿಸಿ ಸ್ಥಳೀಯ ಸಸ್ಯಗಳನ್ನು ಮೂಲೆಗೊತ್ತುವ ಕಳೆಯಾಗಿದೆ. ಕೋಪನ್‌ಹೇಗನ್ನಿನಲ್ಲಿ ಕೇಂದ್ರ ಕಚೇರಿಯಿರುವ, ಜಗತ್ತಿನ ಸಂಗ್ರಹಾಲಯಗಳ ಮತ್ತು ಹವ್ಯಾಸಿ ವೀಕ್ಷಕರ ದಾಖಲೆಗಳನ್ನು ಒಟ್ಟುಗೂಡಿಸುವ ಜಿಬಿಫ್ ಜಾಲತಾಣದಲ್ಲಿ ಇದೇ ಪ್ರಭೇದವನ್ನು ಹುಡುಕಿದರೆ ಯುರೋಪು ಚುಕ್ಕೆಗಳಿಂದ ಮುಚ್ಚಿಹೋಗಿರುತ್ತದೆ, ಹಿಮಾಲಯದಲ್ಲಿ ಚುಕ್ಕೆಗಳು ವಿರಳ. ನೋಡಿ ಬರೆದಿಡುವವರು ಎಲ್ಲಿ ಹೆಚ್ಚಿದ್ದಾರೋ ಅಲ್ಲಿ ಚುಕ್ಕೆಗಳೂ ಹೆಚ್ಚು ಎಂಬುದನ್ನು ಮರೆತವರು ಇದನ್ನು ಯುರೋಪಿನ ಗಿಡವೆಂದೇ ತೀರ್ಮಾನಿಸಬಹುದು. ಕ್ಯೂ ನಕ್ಷೆಯಲ್ಲಿ ಯುರೋಪಿನ ನೇರಳೆ ಮತ್ತು ಹಿಮಾಲಯದ ಹಸಿರು ಎದುರುಬದುರಾಗಿ ಕಾಣುವುದರಿಂದ ಆ ಗೊಂದಲಕ್ಕೆ ಎಡೆಯೇ ಇಲ್ಲ. ಯುರೋಪಿನ ಮೂಲನಿವಾಸಿ ಎನ್ನಬಹುದಾದ ಇಂಪೇಷಿಯನ್ಸ್ ನೋಲಿ-ಟ್ಯಾಂಗೆರೆ ಎಂಬ ಒಂದೇ ಪ್ರಭೇದ, ದಕ್ಷಿಣ ಅಮೆರಿಕ ಮತ್ತು ಆಸ್ಟ್ರೇಲಿಯಗಳಲ್ಲಿ ಮೂಲನಿವಾಸಿ ಪ್ರಭೇದವೇ ಇಲ್ಲ ಎಂಬ ಸಂಗತಿಗಳೂ ಈ ಬಣ್ಣಗಳ ವಿಂಗಡಣೆಯಿಲ್ಲದೆ ಹೊಳೆಯುವಂಥವಲ್ಲ.

ಆದರೆ ಇದೇ ನಕ್ಷೆ ಸಣ್ಣ ನೆಲೆಗಳ ವಿಷಯದಲ್ಲಿ ತೀರ ಒರಟು. ಸಸ್ಯಗಳ ಹರಡುವಿಕೆಯನ್ನು ದಾಖಲಿಸಲೆಂದು ರೂಪಿಸಿದ ಅಂತರರಾಷ್ಟ್ರೀಯ ಪ್ರದೇಶ ವಿಂಗಡಣೆಯ ಮೂರನೆಯ ಹಂತವನ್ನು ತಾಣ ಅನುಸರಿಸುತ್ತದೆ. ಅದರಲ್ಲಿ ಹಿಮಾಲಯದ ಪ್ರದೇಶಗಳು, ಈಶಾನ್ಯ ಮತ್ತು ದ್ವೀಪಗಳು ಬೇರೆ ಬೇರೆಯಾಗಿದ್ದರೂ ಉಳಿದ ಭಾರತವೆಲ್ಲ ಒಂದೇ ತುಂಡು. ಪರಿಣಾಮವಾಗಿ ಪಶ್ಚಿಮ ಘಟ್ಟದ ಯಾವುದೋ ಒಂದು ಶಿಖರದ ಬಂಡೆಗಳಿಗೆ ಅಂಟಿಕೊಂಡು ಬದುಕುವ ಪ್ರಭೇದಕ್ಕೂ ಥಾರ್ ಮರುಭೂಮಿಯವರೆಗೆ ಹಸಿರು ಹರಡುತ್ತದೆ. ಒಂದೇ ನೆಲೆಯಲ್ಲಿ ಮಾತ್ರ ಬೆಳೆಯುವ ಸ್ಥಾನಿಕ ಪ್ರಭೇದಗಳೇ ತುಂಬಿರುವ ಕುಲಕ್ಕೆ ಇದು ಸಣ್ಣ ಕೊರತೆಯಲ್ಲ. ನಕ್ಷೆಯ ಜೊತೆಗಿರುವ ಸಾಲಿನಲ್ಲಿ ಆವರಣ ಚಿಹ್ನೆಯೊಳಗಿನ ಮಾತನ್ನು ಓದಿದರೆ ಕೆಲವೊಮ್ಮೆ ನಿಖರವಾದ ನೆಲೆಯ ಸುಳಿವು ಸಿಗುತ್ತದೆ, ಚಿತ್ರವನ್ನಷ್ಟೇ ನೋಡಿ ಹೋಗುವವರಿಗೆ ಅದೂ ದಕ್ಕುವುದಿಲ್ಲ. ಇಂತಲ್ಲಿ ಜಿಬಿಫ್‌ನ ಚುಕ್ಕೆಗಳೇ ಮೇಲು, ಆದರೆ ಸಂಗ್ರಹಾಲಯದ ಒಣಮಾದರಿಗಳ ದಾಖಲೆಗಳನ್ನು ಮಾತ್ರ ಸೋಸಿಕೊಳ್ಳುವ ತಾಳ್ಮೆ ಬೇಕು.

ಬಂಧುತ್ವದ ಪ್ರಶ್ನೆಗೆ ಕ್ಯೂ ಉದ್ಯಾನದ್ದೇ ಆದ ‘ಟ್ರೀ ಆಫ್ ಲೈಫ್ ಎಕ್ಸ್‌ಪ್ಲೋರರ್’ ಎಂಬ ಇನ್ನೊಂದು ತಾಣಕ್ಕೆ ಹೋಗಬೇಕು. ಜೀವಕೋಶದ ಕೇಂದ್ರದಲ್ಲಿರುವ 353 ವಂಶವಾಹಿಗಳನ್ನು ಹೋಲಿಸಿ ಹೂಬಿಡುವ ಸಸ್ಯಗಳ ವಂಶವೃಕ್ಷವನ್ನು ಕಟ್ಟುವ ಈ ಯೋಜನೆ, 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 9,500ಕ್ಕೂ ಹೆಚ್ಚು ಪ್ರಭೇದಗಳನ್ನು ಒಳಗೊಂಡಿತ್ತು. ಇಂಪೇಷಿಯನ್ಸ್‌ಗೆ ಅತಿ ಹತ್ತಿರದ ಬಂಧು ಹೈಡ್ರೊಸೆರಾ; ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಜೌಗು ನೆಲದಲ್ಲಿ ಬೆಳೆಯುವ ಒಂದೇ ಒಂದು ಪ್ರಭೇದ ಈ ಕುಲದಲ್ಲಿದೆ. ಇಂಪೇಷಿಯನ್ಸ್‌ನಲ್ಲಿ ಪಕ್ಕದ ದಳಗಳು ಜೋಡಿಜೋಡಿಯಾಗಿ ಬೆಸೆದುಕೊಂಡಿದ್ದರೆ ಹೈಡ್ರೊಸೆರಾದಲ್ಲಿ ಐದೂ ದಳಗಳು ಬಿಡಿಬಿಡಿ, ಹಣ್ಣೂ ಸಿಡಿಯುವಂಥದ್ದಲ್ಲ. ಒಂದೇ ಬುಡದಿಂದ ಕವಲೊಡೆದ ಎರಡರಲ್ಲಿ ಒಂದು ಸಾವಿರವಾಗಿ ಬೆಳೆದು ಇನ್ನೊಂದು ಒಂಟಿಯಾಗಿ ಉಳಿದಿರುವುದು ಈ ಕುಟುಂಬದ ಅತ್ಯಂತ ಕುತೂಹಲಕರ ಸಂಗತಿ ಎಂದು ನನಗನ್ನಿಸುತ್ತದೆ. ಇವೆರಡರ ಕುಟುಂಬಕ್ಕೆ ಸಮೀಪದ ಬಂಧುಗಳಲ್ಲಿ ಉಷ್ಣವಲಯದ ಅಮೆರಿಕದ ಕಾಡುಬಳ್ಳಿಗಳ ಕುಟುಂಬವಾದ ಮಾರ್ಕ್‌ಗ್ರೇವಿಯೇಸಿಯೆಯೂ ಸೇರಿದೆ. ಹೊರನೋಟಕ್ಕೆ ಯಾರೂ ಊಹಿಸಲಾರದ ನೆಂಟಸ್ತನವಿದು.

ಆದರೆ ಈ ವೃಕ್ಷದಲ್ಲಿ ಬಹುಪಾಲು ಕುಲಗಳಿಗೆ ಒಂದೆರಡು ಪ್ರಭೇದಗಳಷ್ಟೇ ಪ್ರತಿನಿಧಿಗಳಾಗಿರುವುದರಿಂದ ಕುಲದ ಒಳಗಿನ ಕವಲುಗಳು ಕಾಣುವುದಿಲ್ಲ. ಇಂಪೇಷಿಯನ್ಸ್ ನೈಋತ್ಯ ಚೀನಾದಲ್ಲಿ ಹುಟ್ಟಿ, ಸುಮಾರು ಎರಡು ಕೋಟಿ ವರ್ಷಗಳ ಹಿಂದಿನ ಮಯೋಸೀನ್ ಯುಗದ ಆದಿಭಾಗದಲ್ಲಿ ಕವಲೊಡೆಯತೊಡಗಿ, ಆಫ್ರಿಕವನ್ನು ಮೂರು ಬೇರೆ ಬೇರೆ ಸಲ ತಲುಪಿತೆಂದೂ ಇಂದಿನ ವಂಶಶಾಖೆಗಳಲ್ಲಿ ಸುಮಾರು 80 ಶೇಕಡ ಕಳೆದ ಐದಾರು ದಶಲಕ್ಷ ವರ್ಷಗಳೊಳಗೆ ಮೂಡಿದವೆಂದೂ 2009ರಲ್ಲಿ ಪ್ರಕಟವಾದ ಅಧ್ಯಯನಗಳು ಹೇಳುತ್ತವೆ. 2016ರ ವರ್ಗೀಕರಣ ಕುಲವನ್ನು ಕ್ಲಾವಿಕಾರ್ಪಾ ಮತ್ತು ಇಂಪೇಷಿಯನ್ಸ್ ಎಂಬ ಎರಡು ಉಪಕುಲಗಳಾಗಿ ವಿಭಜಿಸಿದೆ. ಕ್ಯೂ ತಾಣದ ಕುಲಪುಟದಲ್ಲಿ ಪ್ರಭೇದಗಳು ಅಕಾರಾದಿಯಾಗಿ ಸಾಲುಗಟ್ಟಿವೆಯೇ ಹೊರತು ಉಪಕುಲಗಳ ಪ್ರಕಾರವಲ್ಲ. ಆಫ್ರಿಕದ ಯಾವ ಪ್ರಭೇದ ಯಾವ ಅಲೆಯಲ್ಲಿ ಬಂದ ಶಾಖೆಗೆ ಸೇರಿದ್ದೆಂದು ತಿಳಿಯಬೇಕಾದವರು ಸದ್ಯಕ್ಕೆ ಆ ಸಂಶೋಧನಾ ಲೇಖನಗಳ ವಂಶವೃಕ್ಷವನ್ನು ಒಂದು ಪಕ್ಕ, ಈ ಪಟ್ಟಿಯನ್ನು ಇನ್ನೊಂದು ಪಕ್ಕ ಇಟ್ಟುಕೊಂಡು ಒಂದೊಂದೇ ಹೆಸರನ್ನು ತಾವೇ ತಾಳೆ ನೋಡಬೇಕು.